2021ರ ಜುಲೈನಲ್ಲಿ ತಡವರಿಸುತ್ತಿದ್ದ ಅಟ್ಲಾಂಟಾ ಬ್ರೇವ್ಸ್ ಕೊನೆಗೆ ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಆಗಿದ್ದು ಹೇಗೆ?

ಬ್ರೇವ್ಸ್ ಅಭಿಮಾನಿಯಾಗಿ ಹೇಳುವುದಾದರೆ, ಆ ತಂಡ ಅಂಕಪಟ್ಟಿಯಲ್ಲಿ ಕಂಡಷ್ಟು ಕೆಟ್ಟದಾಗಿರಲೇ ಇಲ್ಲ. ಸೀಸನ್ ನಡುವಿನ ಆಲ್‌ಸ್ಟಾರ್ ವಿರಾಮದ ಹೊತ್ತಿಗೆ 44 ಗೆಲುವು, 45 ಸೋಲು. ಆದರೆ ಗಳಿಸಿದ ರನ್‌ಗಳು ಬಿಟ್ಟುಕೊಟ್ಟ ರನ್‌ಗಳಿಗಿಂತ ಹೆಚ್ಚೇ ಇದ್ದವು. ಗೆದ್ದಾಗ ಭರ್ಜರಿಯಾಗಿ ಗೆದ್ದು, ಕೂದಲೆಳೆಯ ಅಂತರದಲ್ಲಿ ಸೋಲುವ ತಂಡದ ಲಕ್ಷಣ ಅದು. ನಾನು ಮೊದಲು ನೋಡುವ ಲೆಕ್ಕವೂ ಅದೇ.

ಹಾಗಂತ ಆ ದಿನಗಳು ಸುಲಭವಾಗಿರಲಿಲ್ಲ. ಜುಲೈ 10ರಂದು ಮಯಾಮಿಯಲ್ಲಿ ರೊನಾಲ್ಡ್ ಅಕುನ್ಯ ಬಲ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಇಡೀ ಸೀಸನ್‌ನಿಂದ ಹೊರಬಿದ್ದ. ತಂಡದ ಅತ್ಯುತ್ತಮ ಆಟಗಾರನೇ ಇಲ್ಲ! ಆ ಸುಮಾರಿಗೆ ಸತತ 18 ಪಂದ್ಯಗಳಲ್ಲಿ ಇವತ್ತು ಗೆಲುವು, ನಾಳೆ ಸೋಲು. ಎರಡು ಪಂದ್ಯ ಒಟ್ಟಿಗೆ ಗೆಲ್ಲಲೂ ಆಗದೆ, ಸೋಲಲೂ ಆಗದೆ ನಿಂತಲ್ಲೇ ನಿಂತೆವು.

ಜನರಲ್ ಮ್ಯಾನೇಜರ್ ಅಲೆಕ್ಸ್ ಆಂಥೊಪೌಲೊಸ್ ಕೈಚೆಲ್ಲಲಿಲ್ಲ. ಜುಲೈ ಮುಗಿಯುವುದರೊಳಗೆ ಜಾಕ್ ಪೀಡರ್ಸನ್, ಆಡಮ್ ಡುವಾಲ್, ಹೋರ್ಹೆ ಸೊಲೇರ್, ಎಡ್ಡಿ ರೊಸಾರಿಯೊ, ಹೀಗೆ ನಾಲ್ವರು ಔಟ್‌ಫೀಲ್ಡರ್‌ಗಳನ್ನು, ಅಂದರೆ ಅಕುನ್ಯನಂತೆ ಮೈದಾನದ ಹೊರಭಾಗ ಕಾಯುವವರನ್ನು ತಂದರು. ದೊಡ್ಡ ತಾರೆಗಳೇನಲ್ಲ, ಆದರೆ ಖಾಲಿ ಬಿದ್ದ ಜಾಗಕ್ಕೇ ಬಂದವರು. ನನ್ನ ಪ್ರಕಾರ ಸೀಸನ್ ತಿರುಗಿದ್ದು ಅಲ್ಲೇ. ನಮ್ಮ ವಿಭಾಗದಲ್ಲಿ ಮುಂದಿದ್ದ ನ್ಯೂಯಾರ್ಕ್ ಮೆಟ್ಸ್ ತಂಡ ಆಗಸ್ಟ್‌ನಲ್ಲಿ ಕುಸಿದದ್ದೂ ನೆರವಾಯಿತು.

ಸೀಸನ್ ಮುಗಿದಾಗ 88 ಗೆಲುವು, ಆ ವರ್ಷ ಪ್ಲೇಆಫ್‌ಗೆ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳಿಗೆ) ಬಂದ ತಂಡಗಳಲ್ಲೇ ಕಡಿಮೆ. ಆದರೂ 106 ಪಂದ್ಯ ಗೆದ್ದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸನ್ನು ಮಣಿಸಿದಾಗ ಸರಣಿಶ್ರೇಷ್ಠ ರೊಸಾರಿಯೊ. ಹ್ಯೂಸ್ಟನ್ ವಿರುದ್ಧ ಚಾಂಪಿಯನ್ ಯಾರೆಂದು ನಿರ್ಧರಿಸುವ ವರ್ಲ್ಡ್ ಸೀರೀಸ್ ಗೆದ್ದಾಗ ಸೊಲೇರ್.