ಆಂಪ್ ಆಮೇಲೆ, ಮೊದಲು ನಿಮ್ಮ ಸ್ಪೀಕರ್ ತಿರುಗಿಸಿ ಹಿಂಬದಿ ಓದಿ

ಈಗಿರುವ ಆಂಪ್‌ನಲ್ಲಿ, ಅಂದರೆ ಆಂಪ್ಲಿಫೈಯರ್‌ನಲ್ಲಿ, ಹಾಡು ಒಣಒಣ ಅನಿಸುತ್ತದೆ, ಒಂದೂವರೆ ಲಕ್ಷದೊಳಗೆ ಟ್ಯೂಬ್ ಆಂಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡುತ್ತಿದ್ದೆ. ಬಜೆಟ್ ಕೂಡ ಅಷ್ಟೇ.

ನಮ್ಮದು ಧಾರವಾಡ. ಚಿಕ್ಕಂದಿನಲ್ಲಿ ಮನೆಯಲ್ಲಿ ಅಪ್ಪನ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ಇತ್ತು (ವಾಲ್ವ್ ಅಂದರೂ ಟ್ಯೂಬ್ ಅಂದರೂ ಒಂದೇ). ಸ್ವಿಚ್ ಹಾಕಿದರೆ ಅರ್ಧ ನಿಮಿಷ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಹಸಿರು ಕಣ್ಣು ಮೆಲ್ಲಗೆ ಬೆಳಗುತ್ತಿತ್ತು, ಆಕಾಶವಾಣಿ ಬರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ನಾನು ಮೊದಲು ಕೇಳಿದ್ದು ಅದರಲ್ಲೇ. ಆ ದನಿ ದುಂಡಗಿತ್ತು, ಬೆಚ್ಚಗಿತ್ತು. ಅದು ವಾಲ್ವ್‌ನ ಗುಣ ಅಂತ ನಲವತ್ತು ವರ್ಷ ನಂಬಿಕೊಂಡಿದ್ದೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ 300ಬಿ ವಾಲ್ವ್‌ನ ಸಿಂಗಲ್ ಎಂಡೆಡ್ ಆಂಪ್ (ಚಾನೆಲ್‌ಗೆ ಒಂದೇ ಪವರ್ ವಾಲ್ವ್ ಇಡೀ ಕೆಲಸ ಮಾಡುವಂಥದ್ದು) ಕೇಳಿಸಿದರು. ಚಾನೆಲ್‌ಗೆ 8 ವ್ಯಾಟ್. ದೀಪ ಕಡಿಮೆ ಮಾಡಿ ಮನ್ಸೂರರದೇ ಒಂದು ರೆಕಾರ್ಡಿಂಗ್ ಹಾಕಿದರು. ನನಗೆ ಅಪ್ಪ ನೆನಪಾದರು. ಮರುದಿನವೇ 1,35,000 ರೂಪಾಯಿ ಕೊಟ್ಟು ಮನೆಗೆ ತಂದೆ. ನನ್ನ ಹಳೆಯ ಟ್ರಾನ್ಸಿಸ್ಟರ್ ಆಂಪ್ ಅದೇ ವಾರ ಮಾರಿಬಿಟ್ಟೆ.

ತಪ್ಪು ಆಗಿದ್ದು ಅಂಗಡಿಯಲ್ಲೇ. ಅಲ್ಲಿ ಆಂಪ್‌ಗೆ ಹಾಕಿದ್ದ ಸ್ಪೀಕರ್ ನನ್ನ ಎದೆಯೆತ್ತರ ಇತ್ತು, ಹಾರ್ನ್ ಸ್ಪೀಕರ್, ಕಡಿಮೆ ವ್ಯಾಟ್‌ಗೇ ಜೋರಾಗಿ ಹಾಡುವಂಥದ್ದು. ನಾನು ಹೊಳೆಯುವ ವಾಲ್ವ್ ನೋಡುತ್ತಾ ಕೂತೆ. ಸ್ಪೀಕರ್ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮನೆಯಲ್ಲಿದ್ದದ್ದು ಪುಸ್ತಕದ ಕಪಾಟಿನ ಮೇಲಿಡುವ ಚಿಕ್ಕ ಸ್ಪೀಕರ್. ಹಿಂಬದಿ ಚೀಟಿಯಲ್ಲಿ 84 ಡೆಸಿಬಲ್, 4 ಓಮ್ ಅಂತ ಬರೆದಿತ್ತು (ಓಮ್ ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ). ಆ ಚೀಟಿಯನ್ನು ನಾನು ಏಳು ತಿಂಗಳು ಓದಲಿಲ್ಲ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ನಿಮ್ಮ ದುಡ್ಡು ಇದರಲ್ಲೇ ಇದೆ. 84 ಡೆಸಿಬಲ್ ಅಂದರೆ, 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು. ಸದ್ದು 3 ಡೆಸಿಬಲ್ ಏರಬೇಕಾದರೆ ಪವರ್ ಎರಡರಷ್ಟಾಗಬೇಕು. 2 ವ್ಯಾಟ್‌ಗೆ 87, 4 ವ್ಯಾಟ್‌ಗೆ 90, 8 ವ್ಯಾಟ್‌ಗೆ 93. ಅಲ್ಲಿಗೆ ನನ್ನ ಆಂಪ್ ಮುಗಿಯಿತು. ನನ್ನ ಸೋಫಾ ಹತ್ತು ಅಡಿ ದೂರದಲ್ಲಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೂ ನಾಲ್ಕಾರು ಡೆಸಿಬಲ್ ಕಮ್ಮಿ. ಸಾಕಲ್ವಾ ಅನಿಸಬಹುದು. ಸಾಕಾಗುವುದಿಲ್ಲ. ತಬಲಾದ ಒಂದು ಪೆಟ್ಟು ಹಾಡಿನ ಸರಾಸರಿ ಮಟ್ಟಕ್ಕಿಂತ 15 ಡೆಸಿಬಲ್ ಮೇಲೆ ಹಾರಬಹುದು. 15 ಡೆಸಿಬಲ್ ಅಂದರೆ ಸುಮಾರು 32 ಪಟ್ಟು ಪವರ್. ದನಿಗೆ ಕಾಲು ವ್ಯಾಟ್ ಹೋಗುತ್ತಿದ್ದರೆ ಆ ಒಂದು ಪೆಟ್ಟಿಗೆ 8 ವ್ಯಾಟ್ ಬೇಕು. ದನಿ 1 ವ್ಯಾಟ್ ಮುಟ್ಟಿದರೆ ಪೆಟ್ಟಿಗೆ 32 ವ್ಯಾಟ್ ಬೇಕು. ಅದು ನನ್ನ ಹತ್ತಿರ ಇರಲಿಲ್ಲ.

ಈಗ ಅದೇ ಆಂಪ್‌ಗೆ 96 ಡೆಸಿಬಲ್ ಸ್ಪೀಕರ್ ಹಾಕಿ. ವ್ಯತ್ಯಾಸ 12 ಡೆಸಿಬಲ್, ಅಂದರೆ 16 ಪಟ್ಟು. ಅದರಲ್ಲಿ 8 ವ್ಯಾಟ್ ಮಾಡುವ ಕೆಲಸಕ್ಕೆ ನನ್ನ ಸ್ಪೀಕರ್‌ನಲ್ಲಿ 128 ವ್ಯಾಟ್ ಬೇಕಿತ್ತು.

ಇದೆಲ್ಲ ಗೊತ್ತಿಲ್ಲದೆ ನಾನು ಕಾದೆ. "200 ಗಂಟೆ ಓಡಲಿ ಸರ್, ವಾಲ್ವ್ ಪಳಗಬೇಕು" ಅಂದರು ಅಂಗಡಿಯವರು. ಓಡಿಸಿದೆ. ಬೇರೆ ವಾಲ್ವ್ ಹಾಕಿ ಅಂದರು. 26,000 ಕೊಟ್ಟು ಹಾಕಿಸಿದೆ. ಒಂದು ಸಂಜೆ ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ತಬಲಾ ಯಾಕೋ ಒಡದಂಗ ಕೇಳಸ್ತದಲ್ರೀ." ನಾನು ಏಳು ತಿಂಗಳು ಒಪ್ಪಿಕೊಳ್ಳದಿದ್ದದ್ದನ್ನು ಅವಳು ಒಂದೇ ಮಾತಲ್ಲಿ ಹೇಳಿದಳು.

85,000ಕ್ಕೆ ಮಾರಿದೆ. ತಗೊಂಡವರು ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. ವಾಲ್ವ್ ಒಡೆಯಬಾರದು ಅಂತ ಕಾರಲ್ಲಿ ನಾನೇ ಒಯ್ದು ಜೋಡಿಸಿಕೊಟ್ಟೆ. ಅವರ ಸ್ಪೀಕರ್ ದೊಡ್ಡವು, 12 ಇಂಚಿನ ಕಾಗದದ ಕೋನ್, 96 ಡೆಸಿಬಲ್. ಅಂಗಡಿಯಲ್ಲಿ ಕೇಳಿದ್ದ ಅದೇ ಮನ್ಸೂರರ ರೆಕಾರ್ಡಿಂಗ್ ಹಾಕಿದೆವು. ಮೊದಲ ಆಲಾಪಕ್ಕೇ ನನ್ನ ಗಂಟಲು ಕಟ್ಟಿತು. ತಬಲಾ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ, ಸಲೀಸಾಗಿ ಬಂತು. ಮೇಷ್ಟ್ರು ಕಾಫಿ ಕೊಟ್ಟರು. ನಾನು ಅದು ಆರುವವರೆಗೂ ಮುಟ್ಟಲಿಲ್ಲ. ಆಂಪ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಅಪ್ಪನ ರೇಡಿಯೋ ಗುಟ್ಟೂ ಆಗಲೇ ಅರ್ಥವಾಯಿತು. ಅದರಲ್ಲಿದ್ದದ್ದು ಹಗುರವಾದ ಕಾಗದದ ಕೋನ್. ಮೂರ್ನಾಲ್ಕು ವ್ಯಾಟ್‌ಗೇ ತುಂಬಿ ಹಾಡುತ್ತಿತ್ತು. ಮೀಡಿಯಂ ವೇವ್‌ನಲ್ಲಿ ಚೂಪು ಟ್ರೆಬಲ್, ಅಂದರೆ ತೀರಾ ಮೇಲಿನ ಸದ್ದು, ಬರುವುದೇ ಇಲ್ಲ, ಅದಕ್ಕೇ ಅಷ್ಟು ಬೆಚ್ಚಗೆ ಕೇಳುತ್ತಿತ್ತು. ವಾಲ್ವ್‌ನ ಪಾಲೂ ಇತ್ತು. ಆದರೆ ನಾನು ಅಂದುಕೊಂಡಷ್ಟು ಅಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟ್ಯೂಬೋ ಟ್ರಾನ್ಸಿಸ್ಟರೋ ಅನ್ನುವುದು ಎರಡನೇ ಮಾತು. "ಒಣಒಣ" ಅಂದಿರಲ್ಲ, ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಠಣ್ ಅಂತ ವಾಪಸ್ ಬಂದರೆ ದೋಷ ಹಾಲ್‌ನದು. ನಮ್ಮ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಕಿಟಕಿಗೆ ದೊಡ್ಡ ಗಾಜು, ಗೋಡೆ ಬೋಳು. ಟ್ರೆಬಲ್ ಅಲ್ಲೆಲ್ಲ ಬಡಿದು ಕಿವಿಗೆ ಚುಚ್ಚುತ್ತದೆ. ನಾನು ಊರಿಗೆ ಹೋದಾಗ ನವಲಗುಂದದ ಜಮಖಾನ ತಂದು ಸ್ಪೀಕರ್ ಮುಂದೆ ದಪ್ಪಗೆ ಮಡಿಸಿ ಹಾಸಿದೆ. ಕಿಟಕಿಗೆ ದಪ್ಪ ಪರದೆ ಹಾಕಿದೆ. ಆಮೇಲೆ ಬಂದ ಬದಲಾವಣೆ ಆ 26,000ದ ವಾಲ್ವ್‌ಗಳಿಂದ ಬಂದಿರಲಿಲ್ಲ.

ಅದಾದ ಮೇಲೂ ಟ್ಯೂಬ್ ಬೇಕೇ ಬೇಕು ಅನಿಸಿದರೆ ಸ್ಪೀಕರ್ ಹಿಂದಿನ ಚೀಟಿಯಲ್ಲಿ ಡೆಸಿಬಲ್ ನೋಡಿ. 84ರಿಂದ 87 ಇದ್ದರೆ 300ಬಿ ಸಿಂಗಲ್ ಎಂಡೆಡ್ ಬೇಡವೇ ಬೇಡ. ಇಎಲ್34 ವಾಲ್ವ್‌ಗಳ ಪುಶ್ ಪುಲ್ (ಜೋಡಿ ವಾಲ್ವ್‌ಗಳು ಕೆಲಸ ಹಂಚಿಕೊಳ್ಳುವ ಬಗೆ) ಆದರೆ 35 ವ್ಯಾಟ್ ಆಸುಪಾಸು ಸಿಗುತ್ತದೆ, ಮಾಮೂಲಿ ಹಾಲ್‌ಗೆ ಅದರಲ್ಲಿ ಹೇಗೋ ನಡೆಯುತ್ತದೆ. 94 ದಾಟಿದ್ದರೆ 8 ವ್ಯಾಟ್ ಧಾರಾಳ. ಸ್ಪೀಕರ್ 4 ಓಮ್ ಆಗಿದ್ದರೆ ಆಂಪ್ ಹಿಂದೆ 4 ಅಂತ ಬರೆದ ಕಡೆಗೇ ವೈರ್ ಹಾಕಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಹಾಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗೆ 300-400 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ವಾಲ್ವ್ ಮೇಲಿನ ಜಾಲರಿ ತೆಗೆಯಲೇಬೇಡಿ. ನನ್ನದು ಹಾಡು ಎಷ್ಟೇ ಮೆಲ್ಲಗಿದ್ದರೂ 150 ವ್ಯಾಟ್ ಎಳೆಯುತ್ತಿತ್ತು. ಏಪ್ರಿಲ್‌ನಲ್ಲಿ ಆ ಶಾಖಕ್ಕೆ ಹಾಲ್ ಬಿಸಿಯಾಗುತ್ತದೆ.

ಈಗ ನನ್ನ ಹತ್ತಿರ ಮತ್ತೆ ಟ್ಯೂಬ್ ಇದೆ. ಈ ಸಲ ಮೊದಲು ಸ್ಪೀಕರ್ ಮಾಡಿಸಿದೆ. 95 ಡೆಸಿಬಲ್, ಪೆಟ್ಟಿಗೆ ನಮ್ಮ ಬಡಾವಣೆಯ ಬಡಗಿಯ ಕೈಕೆಲಸ. ಅದು ಆದ ಮೇಲೆ 48,000ಕ್ಕೆ ಇಎಲ್84 ಪುಶ್ ಪುಲ್, 12 ವ್ಯಾಟ್. ಅದರಲ್ಲಿರುವ ವಾಲ್ವ್‌ಗಳು ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ಮಾಡುತ್ತಿದ್ದಂಥವು, ಹಳೇ ಸ್ಟಾಕ್, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹುಡುಕಿ ತಂದೆ. ಬೆಂಗಳೂರಲ್ಲೇ ತಯಾರಾದ ವಾಲ್ವ್‌ನಲ್ಲಿ ಮನ್ಸೂರರನ್ನು ಕೇಳುವುದು ನನಗೆ ದೊಡ್ಡ ಖುಷಿ.

ನಿಮ್ಮ ಸ್ಪೀಕರ್ ಮಾಡೆಲ್, ಹಾಲ್ ಅಳತೆ, ನೀವು ಎಷ್ಟು ದೂರ ಕೂರುತ್ತೀರಿ, ಇಷ್ಟು ಬರೆಯಿರಿ. ಎಷ್ಟು ವ್ಯಾಟ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ. ಈಗಿರುವ ಆಂಪ್ ಅಂತೂ ಮಾರಲೇಬೇಡಿ.