ಸೂಜಿ ತುರಿಕೆಗೆ, ಮುಲಾಮು ಚರ್ಮಕ್ಕೆ

ಚರ್ಮರೋಗ ಮತ್ತು ಅಕ್ಯುಪಂಕ್ಚರ್ (ಔಷಧಿಯಿಲ್ಲದ ತೆಳು ಸೂಜಿ ಚುಚ್ಚುವ ಚಿಕಿತ್ಸೆ) ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬರುವ ಪತ್ರಗಳಲ್ಲಿ ಊರು ಬೇರೆ, ಪ್ರಶ್ನೆ ಅದೇ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಅದೇ ಬರುತ್ತದೆ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಚುಟುಕು.

ಎಂಟು ವರ್ಷದಿಂದ ಎರಡೂ ಕಾಲಿಗೆ ಇಸಬು ಐತ್ರಿ. ಭತ್ತದ ಗದ್ದೆ ಕೆಲಸ, ವಯಸ್ಸು 46. ರಾತ್ರಿ ತುರಿಕೆಗೆ ನಿದ್ದಿ ಇಲ್ಲ, ಚರ್ಮ ದಪ್ಪಾಗಿ ಕರ್ರಗಾಗೇದ. ಮುಲಾಮು ಹಚ್ಚಿ ಹಚ್ಚಿ ಸಾಕಾಗೇದ. ಇಲ್ಲೊಬ್ಬರು ಹತ್ತು ಸಲ ಸೂಜಿ ಹಾಕಿದ್ರ ಬೇರು ಸಮೇತ ಹೋಗ್ತದ, ಆದ್ರ ಮುಲಾಮು, ಮಾತ್ರೆ ಎಲ್ಲಾ ಇವತ್ತೇ ಬಿಡಬೇಕು ಅಂತಾರ. ಬಿಡ್ಲೇನ್ರಿ? — ಸಿಂಧನೂರು ತಾಲ್ಲೂಕಿನ ಓದುಗರು

ಬಿಡಬೇಡಿ. ಮುಲಾಮು ಬಿಟ್ಟರೆ ಮಾತ್ರ ಸೂಜಿ ಹಾಕುತ್ತೇನೆ ಎನ್ನುವವರ ಹತ್ತಿರ ಸೂಜಿಯನ್ನೂ ಹಾಕಿಸಿಕೊಳ್ಳಬೇಡಿ.

ಸೂಜಿಯ ಕೈಲಾಗುವುದು ಇಷ್ಟು: ಚುಚ್ಚಿದ ಜಾಗದ ನರಗಳಿಂದ ಬೆನ್ನುಹುರಿಗೂ ಮಿದುಳಿಗೂ ಹೋಗುವ ಸಂದೇಶ, ತುರಿಕೆಯ ಸಂದೇಶವನ್ನು ಒಂದಷ್ಟು ಹೊತ್ತು ಅದುಮಬಹುದು. ಜರ್ಮನಿಯ ಮ್ಯೂನಿಕ್‌ನಲ್ಲಿ ಇಸಬು ಇದ್ದ 30 ಮಂದಿಯ ಮೇಲೆ ಸಣ್ಣ ಪ್ರಯೋಗವೊಂದು ನಡೆದಿತ್ತು. ಅಲ್ಲಿ ಮೈಮೇಲಿನ ಎರಡು ಬಿಂದುಗಳಿಗೆ ಸೂಜಿ ಚುಚ್ಚಿದಾಗ ತುರಿಕೆ ನಿಜಕ್ಕೂ ಇಳಿಯಿತು. ಇಸಬು ಬೇರು ಸಮೇತ ಹೋಗುವುದು ಬೇರೆ ಮಾತು, ಅದನ್ನು ಯಾವ ಪ್ರಯೋಗವೂ ತೋರಿಸಿಲ್ಲ. ತುರಿಸಿದಷ್ಟೂ ಚರ್ಮ ದಪ್ಪವಾಗುತ್ತದೆ, ದಪ್ಪವಾದಷ್ಟೂ ತುರಿಕೆ ಏರುತ್ತದೆ. ಈ ಸುತ್ತು ಮುರಿಯಲು ಸೂಜಿ ಒಂದು ಕೈ ಕೊಡಬಹುದು. ಉರಿಯೂತ ಇಳಿಸುವುದು, ಬಿರುಕು ಮುಚ್ಚುವುದು ಮುಲಾಮಿನ ಕೆಲಸ.

ಸ್ಟೀರಾಯ್ಡ್ ಮುಲಾಮನ್ನು ವರ್ಷಗಟ್ಟಲೆ ಹಚ್ಚಿ ಒಂದೇ ದಿನ ನಿಲ್ಲಿಸಿದರೆ ಕಾಲು ಕೆಂಪೇರಿ, ಉರಿದು, ನೀರು ಸೋರಬಹುದು. ಆಗ ‘ಒಳಗಿನ ರೋಗ ಹೊರಗೆ ಬರ್ತಿದೆ, ಹೆದರಬೇಡಿ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಇದು ಶುದ್ಧ ಸುಳ್ಳು. ಹೊರಗೆ ಬಂದಿರುವುದು ಅದುಮಿಟ್ಟಿದ್ದ ಉರಿಯೂತ. ನೀವು ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅದನ್ನು ದಿಢೀರನೆ ಬಿಡುವುದು ಜೀವಕ್ಕೇ ಅಪಾಯ: ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ. ಹೆಸರಿಲ್ಲದ ಪುಡಿ, ಕರಿ ಗುಳಿಗೆ ತಿನ್ನುತ್ತಿದ್ದು ಮುಖ ಊದಿಕೊಂಡಿದ್ದರೆ, ಸಕ್ಕರೆ ಏರಿದ್ದರೆ ಅದರಲ್ಲೂ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ದೊಡ್ಡದು. ಅದನ್ನೂ ವೈದ್ಯರಿಗೆ ತೋರಿಸಿ, ಹಂತಹಂತವಾಗಿಯೇ ಇಳಿಸಬೇಕು.

‘ಮುಲಾಮು ಹಚ್ಚಿ ಸಾಕಾಗೇದ’ ಎನ್ನುವವರಲ್ಲಿ ಹೆಚ್ಚಿನವರು ಹಚ್ಚುವುದು ಕಡಲೆಕಾಳಿನಷ್ಟು. ಲೆಕ್ಕ ಹೀಗಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಇಡೀ ಒಂದು ಕಾಲಿಗೆ ಇಂಥ ಆರು ಬೇಕು, ಪಾದಕ್ಕೆ ಎರಡು. ವೈದ್ಯರು ಬರೆದ ಮುಲಾಮನ್ನು ದಪ್ಪ ಇಳಿಯುವವರೆಗೆ ದಿನಾ ಹಚ್ಚಿ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಹತ್ತು ನಿಮಿಷದೊಳಗೆ. ನಮ್ಮ ಕಡೆಯ ಬೋರಿನ ಸವಳು ನೀರಿಗೆ ಸೋಪು ಸರಿಯಾಗಿ ಬಿಡುವುದಿಲ್ಲ, ಚರ್ಮದ ಮೇಲೆ ಉಳಿದು ಬಿರಿಸುತ್ತದೆ. ಇಸಬಿನ ಜಾಗಕ್ಕೆ ಬಟ್ಟೆ ಸೋಪು ಮುಟ್ಟಿಸಲೇಬೇಡಿ. ಮೈ ಒರೆಸಿದ ಮೂರು ನಿಮಿಷದೊಳಗೆ ಬಿಳಿ ವ್ಯಾಸಲಿನ್ ಸವರಿ. ಮೈತುಂಬ ಇಸಬು ಇದ್ದವರಿಗೆ ವಾರಕ್ಕೆ ಕಾಲು ಕಿಲೋ ಬೇಕಾಗುತ್ತದೆ. ಅದು ಹೆಚ್ಚಲ್ಲ, ಅದೇ ಅಳತೆ. ಗದ್ದೆಗಿಳಿಯುವ ಮುಂಚೆಯೂ ಕಾಲಿಗೆ ದಪ್ಪಗೆ ಬಳಿದುಕೊಳ್ಳಿ, ಮೇಲೆ ಬಂದ ಕೂಡಲೇ ಒಳ್ಳೆಯ ನೀರಲ್ಲಿ ತೊಳೆದು ಬೆರಳಸಂದಿಯವರೆಗೂ ಒರೆಸಿ. ಗೊಬ್ಬರ, ಕಳೆನಾಶಕ ಬೆರೆತ ಕೆಸರಿನಲ್ಲಿ ದಿನವಿಡೀ ಕಾಲಿಟ್ಟು ಸಂಜೆ ಸೂಜಿ ಹಾಕಿಸಿಕೊಂಡರೆ ಏನೂ ಗಿಟ್ಟದು. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಬ್ಲೀಚು, ಪರ್ಮಾಂಗನೇಟ್ ಮುಟ್ಟುವವರಿಗೂ, ಸಿಮೆಂಟ್ ಕಲಸುವವರಿಗೂ ಇದೇ ಮಾತು.

ಕಾಲಿನ ಇಸಬು ಎಂದಾಗ ಇನ್ನೊಂದನ್ನು ನೋಡಲೇಬೇಕು. ಹಿಮ್ಮಡಿಯ ಮೇಲ್ಗಡೆ ರಕ್ತನಾಳ ಗಂಟುಗಂಟಾಗಿ ಉಬ್ಬಿದೆಯೇ, ಸಂಜೆಗೆ ಕಾಲು ಬಾಯುತ್ತದೆಯೇ? ಹೌದಾದರೆ ನಿಮ್ಮ ಇಸಬಿನ ಮೂಲ ಆ ರಕ್ತನಾಳದಲ್ಲೇ ಇರಬಹುದು. ಬಾತ ಕಾಲಿಗೆ ಚುಚ್ಚಿದರೆ ನಂಜೇರಿ ಜ್ವರ ಬರಬಹುದು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದೂ ಮೊದಲು ಪರೀಕ್ಷಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ರಾತ್ರಿಯ ತುರಿಕೆ ಬಿಡದಿದ್ದರೆ ಸೂಜಿ ಪ್ರಯತ್ನಿಸಲು ನನ್ನ ತಕರಾರಿಲ್ಲ. ಆದರೆ ಕ್ರಮ ಇದು. ಬಳಸುವ ಸೂಜಿ 0.25 ಮಿಲಿಮೀಟರ್ ದಪ್ಪದ ಸ್ಟೀಲಿನದು, 25ರಿಂದ 40 ಮಿಲಿಮೀಟರ್ ಉದ್ದ. ಮುಖ್ಯ ಬಿಂದುಗಳು ಎರಡು. ಮೊಣಕೈ ಮಡಚಿದಾಗ ಹೊರಬದಿಯಲ್ಲಿ ಗೆರೆ ಮುಗಿಯುವ ಕಡೆ ಒಂದು, ಅದನ್ನು ಎಲ್‌ಐ 11 ಎನ್ನುತ್ತಾರೆ. ಮೊಣಕಾಲು ಚಿಪ್ಪಿನ ಒಳಬದಿಯ ಮೇಲ್ಮೂಲೆಯಿಂದ ರೋಗಿಯದೇ ಎರಡು ಹೆಬ್ಬೆರಳಗಲ ಮೇಲೆ ಇನ್ನೊಂದು, ಎಸ್‌ಪಿ 10. ಮ್ಯೂನಿಕ್‌ನಲ್ಲಿ ಚುಚ್ಚಿದ್ದೂ ಇವನ್ನೇ. ಬಿಂದುವಿನ ಮೇಲೇ ಇಸಬು ಇದ್ದರೆ ಅದನ್ನು ಬಿಟ್ಟು ಬೇರೆ ಕಡೆ ಹಾಕಬೇಕು, ಒಡೆದ ಚರ್ಮಕ್ಕೆ ಸೂಜಿ ತಾಗಕೂಡದು. ಚುಚ್ಚಿದ ಮೇಲೆ ಮಂದವಾದ ಭಾರ, ಜಗ್ಗಿದ ಹಾಗೆ ಅನ್ನಿಸಬೇಕು. ಚುರ್ ಎಂದು ಬೆರಳವರೆಗೆ ಕರೆಂಟ್ ಹೊಡೆದಂತಾದರೆ ನರಕ್ಕೆ ತಾಗಿದೆ, ತಕ್ಷಣ ಹಿಂದೆಳೆಯಲು ಹೇಳಿ. ಸೂಜಿ 20ರಿಂದ 30 ನಿಮಿಷ ಇರಬೇಕು.

ಹೋಗುವ ದಿನ ಆ ಜಾಗಗಳಿಗೆ ಎಣ್ಣೆ, ಮುಲಾಮು ಬೇಡ. ಜಿಡ್ಡಿನ ಮೇಲೆ ಸ್ಪಿರಿಟ್ ಒರೆಸಿದರೆ ಶುದ್ಧವಾಗುವುದಿಲ್ಲ. ಒರೆಸಿದ ಸ್ಪಿರಿಟ್ ಆರಿದ ಮೇಲೆಯೇ ಚುಚ್ಚಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಡೆದು ಬಂದು ಕೂತ ಕೂಡಲೇ ಚುಚ್ಚಿಸಿಕೊಂಡರೆ ತಲೆಸುತ್ತಿ ಬೀಳುವವರಿದ್ದಾರೆ. ನೀರು ಕುಡಿದು, ಸುಧಾರಿಸಿಕೊಂಡು, ಮಲಗಿಯೇ ಹಾಕಿಸಿಕೊಳ್ಳಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಮುಗಿದ ಮೇಲೆ ಸೂಜಿ ಅದಕ್ಕೆಂದೇ ಇಟ್ಟ ಗಟ್ಟಿ ಡಬ್ಬಿಗೆ ಹೋಗಬೇಕು. ‘ಇದು ನಿಮ್ಮದೇ ಸೂಜಿ’ ಎಂದು ಹೆಸರು ಬರೆದ ಬಾಟಲಿಯಲ್ಲಿ ಇಟ್ಟು ಮತ್ತೆ ಚುಚ್ಚುವ ಕಡೆ ಒಂದು ಗಳಿಗೆಯೂ ಕೂರಬೇಡಿ. ಬಾಟಲಿ ಅದಲುಬದಲಾದರೆ ಹೆಪಟೈಟಿಸ್ ಬಿ, ಸಿ ನಿಮ್ಮ ಮೈಗೆ ಬರಬಹುದು. ಬಾಟಲಿ ನಿಮ್ಮದೇ ಇದ್ದರೂ ಸರಿಯಾಗಿ ಶುದ್ಧವಾಗದ ಸೂಜಿಯಿಂದ ತಿಂಗಳುಗಟ್ಟಲೆ ಆರದ ಗಂಟು, ಹುಣ್ಣು ಆಗಬಹುದು. ಕೊರಿಯಾದಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ ಅಂಥ ಸೋಂಕು ಗುಂಪುಗುಂಪಾಗಿ ಕಾಣಿಸಿಕೊಂಡಿತ್ತು. ಹೊಸ ಸೂಜಿಗೆ ಕೆಲವೇ ರೂಪಾಯಿ, ಅದನ್ನೂ ಉಳಿಸುವವರು ಇನ್ನೇನು ಜೋಪಾನ ಮಾಡಿಯಾರು?

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಬಸುರಿಯರು, ನಕಲಿ ಒಡವೆ ಹಾಕಿದರೆ ಕಿವಿ ತುರಿಸುವವರು ಮೊದಲೇ ಹೇಳಬೇಕು. ಕೊನೆಯವರಿಗೆ ನಿಕ್ಕಲ್ ಅಲರ್ಜಿ ಇರಬಹುದು, ಸ್ಟೀಲಿನ ಸೂಜಿಯಲ್ಲಿ ನಿಕ್ಕಲ್ ಇದೆ.

ಗುಣ ಬಂತೋ ಇಲ್ಲವೋ ಎಂದು ಸೂಜಿ ಹಾಕುವವರನ್ನು ಕೇಳಬೇಡಿ, ಬರೆದಿಟ್ಟು ನೋಡಿ. ಸೂಜಿ ಶುರುವಾಗುವ ಎರಡು ವಾರ ಮುಂಚಿನಿಂದ ಪ್ರತಿ ರಾತ್ರಿ ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ. ಆಮೇಲೆ ವಾರಕ್ಕೆ ಎರಡರಂತೆ ನಾಲ್ಕು ವಾರ, ಒಟ್ಟು ಎಂಟು ಸಲ. ಅಷ್ಟೂ ದಿನ ಮುಲಾಮು, ಮಾತ್ರೆ, ಸೋಪು ಯಾವುದನ್ನೂ ಬದಲಿಸಬೇಡಿ, ಬದಲಿಸಿದರೆ ಯಾವುದರಿಂದ ಇಳಿಯಿತು ಎಂದು ತಿಳಿಯದು. ಅಂಕ ಮೊದಲಿಗಿಂತ ಮೂರು ನಾಲ್ಕಾದರೂ ಕಡಿಮೆಯಾಗದಿದ್ದರೆ ನಿಲ್ಲಿಸಿ. ‘ಇನ್ನೊಂದು ಹತ್ತು ಸಲ ಬನ್ನಿ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಸೋರಿಯಾಸಿಸ್ ಕಲೆಗಳ ಸುತ್ತಲೂ ಸೂಜಿ ಹಾಕಿದರು. ಎರಡು ವಾರಕ್ಕೆ ಚುಚ್ಚಿದಲ್ಲೆಲ್ಲ ಹೊಸ ಕಲೆ ಎದ್ದಿದೆ. — ಹೊಸಪೇಟೆ ರಸ್ತೆ, ಬಳ್ಳಾರಿ

ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಸೋರಿಯಾಸಿಸ್ ಕೆರಳಿರುವಾಗ ಚರ್ಮಕ್ಕೆ ಗಾಯವಾದ ಕಡೆ ಹತ್ತು ಹದಿನೈದು ದಿನಕ್ಕೆ ಹೊಸ ಕಲೆ ಹುಟ್ಟಬಹುದು. ಇದನ್ನು 19ನೇ ಶತಮಾನದಲ್ಲೇ ಹೈನ್‌ರಿಕ್ ಕೋಬ್ನರ್ ಎಂಬ ಜರ್ಮನ್ ವೈದ್ಯರು ಗುರುತಿಸಿದ್ದರು. ತಿಳಿಯದೆ ಚುಚ್ಚುವವರಿಗೆ ಚರ್ಮ ಮುಟ್ಟುವ ಹಕ್ಕಿಲ್ಲ. ತೊನ್ನು ಹರಡುತ್ತಿರುವವರಿಗೂ ಇದೇ ಅಪಾಯ. ಸೂಜಿ ನಿಲ್ಲಿಸಿ, ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ (ಹಿಂದಿನ ವಿಮ್ಸ್) ಚರ್ಮರೋಗ ವಿಭಾಗಕ್ಕೆ ಹೋಗಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆಯ ಮಾತ್ರೆ ಎಂಬುದು ನೆನಪಿರಲಿ, ದಿನಾ ನುಂಗಿದರೆ ಪ್ರಾಣಕ್ಕೆ ಬರುತ್ತದೆ.

ಪಿತ್ತಗಂಧೆಗೆ ಸೂಜಿ ಆಗುತ್ತದೆಯೇ?

2023ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ 330 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ವಾರದಲ್ಲಿ 16 ಸಲ ಸೂಜಿ ಹಾಕಿದರು. ಇನ್ನೊಂದು ಗುಂಪಿಗೆ ಹೋಲಿಕೆಗೆಂದು ಹಾಕಿದ ಹುಸಿ ಸೂಜಿಗಿಂತ ಪಿತ್ತಗಂಧೆ ಹೆಚ್ಚು ಇಳಿಯಿತು, ಆದರೆ ಆ ವ್ಯತ್ಯಾಸ ರೋಗಿಗೆ ಲೆಕ್ಕಕ್ಕೆ ಬರುವಷ್ಟು ದೊಡ್ಡದಾಗಿರಲಿಲ್ಲ. ವೈದ್ಯರು ಹೇಳಿದ ಅಲರ್ಜಿ ಮಾತ್ರೆಯನ್ನು ಬಿಡದೆ ದಿನಾ ತೆಗೆದುಕೊಳ್ಳಿ. ತುಟಿ, ನಾಲಿಗೆ ಬಾತರೆ ನೇರ ಆಸ್ಪತ್ರೆಗೆ.

ಗಜಕರ್ಣಕ್ಕೆ? ಅದು ಶಿಲೀಂಧ್ರ, ಸೂಜಿಗೆ ಸಾಯದು.

ಬದನೆಕಾಯಿ ನಂಜಂತೆ, ಬಿಡಬೇಕೇ? ತಿಂದ ಕೂಡಲೇ ನಿಮಗೆ ಪ್ರತಿ ಸಲವೂ ತುರಿಸದಿದ್ದರೆ ಎಣ್ಣೆಗಾಯಿ ತಿನ್ನಿ.

ಸೂಜಿಯಿಂದ ರಕ್ತಶುದ್ಧಿ ಆಗುತ್ತದೆಯೇ? ಇಲ್ಲ. ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ.

ಯಾರ ಹತ್ತಿರ ಹೋಗಬೇಕು? ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ. ಹಾಗಂತ ವಾರದ ಶಿಬಿರ ಮುಗಿಸಿ ಬೋರ್ಡ್ ಹಾಕಿದವರೆಲ್ಲ ವೈದ್ಯರಾಗುವುದಿಲ್ಲ. ಪ್ರಕೃತಿ ಚಿಕಿತ್ಸೆ, ಯೋಗದ ಪದವಿಯಾದ ಐದೂವರೆ ವರ್ಷದ ಬಿಎನ್‌ವೈಎಸ್ ಓದಿದವರು ಅಥವಾ ಅಕ್ಯುಪಂಕ್ಚರ್ ಕಲಿತ ನೋಂದಾಯಿತ ವೈದ್ಯರು ಇದ್ದರೆ ನೋಂದಣಿ ಸಂಖ್ಯೆ ಕೇಳಿ ಹೋಗಿ. ಮೊದಲು ಚರ್ಮರೋಗ ತಜ್ಞರಿಂದ ರೋಗದ ಹೆಸರು ಬರೆಸಿಕೊಂಡು ಹೋಗಿ.

ತೋಳಿನ ಮೇಲೆ ಬಿಳಿಚಿದ ಮಚ್ಚೆ ಇದೆ. ಅಲ್ಲಿ ಸೂಜಿ ಹಾಕಿದರೆ ಒಂಚೂರೂ ನೋವಾಗಲಿಲ್ಲ. ಹಾಕಿದವರ ಕೈಗುಣ ಚೆನ್ನಾಗಿದೆ, ಮುಂದುವರಿಸಲೇ? — ಕುಷ್ಟಗಿ

ಇಡೀ ಕಂತೆಯಲ್ಲಿ ನನ್ನನ್ನು ಗಾಬರಿಗೊಳಿಸಿದ ಪತ್ರ ಇದು. ಬಿಳಿಚಿದ ಮಚ್ಚೆಯಲ್ಲಿ ಸೂಜಿ ಚುಚ್ಚಿದರೂ ಗೊತ್ತಾಗುತ್ತಿಲ್ಲ ಎಂದರೆ ಕುಷ್ಠರೋಗವೇ ಎಂದು ಮೊದಲು ನೋಡಬೇಕು, ಕೈಗುಣದ ಮಾತು ಬಿಡಿ. ನಾಳೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮನೆಯವರ ಮೈಯನ್ನೂ ತೋರಿಸಿ. ಕುಷ್ಠವೇ ಆಗಿದ್ದರೆ ಮಾತ್ರೆಗಳು ಉಚಿತ, ಆರು ತಿಂಗಳು ಇಲ್ಲವೇ ಒಂದು ವರ್ಷ, ಪೂರ್ತಿ ವಾಸಿಯಾಗುತ್ತದೆ. ತಡಮಾಡಿದರೆ ಬೆರಳು ಮುರುಟುತ್ತವೆ, ಹಾಗೆ ಮುರುಟಿದ್ದನ್ನು ಮಾತ್ರೆ ನೆಟ್ಟಗೆ ಮಾಡಲಾರದು.