ಗ್ಯಾಲ್ವನೈಸ್ ಮಾಡಿಸಿದ ಜೀಪ್ ಚಾಸಿಗೆ ರೆಡ್ ಆಕ್ಸೈಡ್ ಹೊಡೆಯಬಹುದಾ?

ಬೇಡ. ರೆಡ್ ಆಕ್ಸೈಡೂ ಬೇಡ, ಅದರ ಮೇಲೆ ಕಪ್ಪು ಎನಾಮೆಲ್ಲೂ ಬೇಡ.

ಕುಂದಾಪುರದ ಉಪ್ಪುಗಾಳಿಗೆ ಹೆದರಿ ಹಳೇ ಜೀಪಿನ ಚಾಸಿ ಬಿಚ್ಚಿಸಿ, ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ಪದರ ಕೂರಿಸುವ ಕೆಲಸ, ಮಾಡಿಸಿ ತಂದಿದ್ದೀರಿ. ‘ಕಬ್ಬಿಣಕ್ಕೆ ಹೊಡೆಯೋ ಪೇಂಟೇ ಇದಕ್ಕೂ ಸಾಕು’ ಅಂತ ನಿಮ್ಮ ಪೇಂಟರ್ ಹೇಳುತ್ತಿದ್ದಾರೆ, ಅದು ಸರಿಯಾ ಅಂತ ಕೇಳಿದ್ದೀರಿ. ಗೇಟು, ಗ್ರಿಲ್ಲುಗಳಿಗೆ ಅವರ ಮಾತು ಸರಿ. ಆದರೆ ಈಗ ಅವರ ಬ್ರಷ್ ತಾಗುವುದು ಕಬ್ಬಿಣಕ್ಕಲ್ಲ, ಸತುವಿಗೆ. ಎರಡರ ಸ್ವಭಾವವೇ ಬೇರೆ.

ರೆಡ್ ಆಕ್ಸೈಡ್, ಸಾಮಾನ್ಯ ಎನಾಮೆಲ್ ಇವೆಲ್ಲ ಎಣ್ಣೆಯಿಂದ ಮಾಡಿದ ಆಲ್ಕಿಡ್ ಪೇಂಟುಗಳು. ಸತುವಿನ ಮೇಲೆ ತೇವ ಸೇರಿದರೆ ಅಲ್ಲಿ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಪೇಂಟಿನ ಎಣ್ಣೆಯನ್ನು ಸೋಪು ಮಾಡಿಬಿಡುತ್ತದೆ. ಮಾತಿಗೆ ಹೇಳುತ್ತಿಲ್ಲ, ಸೋಪು ಆಗುವಾಗ ನಡೆಯುವ ರಾಸಾಯನಿಕ ಕ್ರಿಯೆಯೇ ಇದು. ಹೊಡೆದ ದಿನ ಪೇಂಟ್ ಚೆನ್ನಾಗಿಯೇ ಕೂರುತ್ತದೆ, ಪಳಪಳ ಹೊಳೆಯುತ್ತದೆ. ನಾನು ಕರಾವಳಿಯಲ್ಲೇ ಜೀಪ್ ಕೆಲಸ ಮಾಡುವವನು. ಹೀಗೆ ಪೇಂಟ್ ಮಾಡಿಸಿ ಒಂದು ಮಳೆಗಾಲ ಓಡಿಸಿದ ಚಾಸಿಗಳು ನಮ್ಮ ಶೆಡ್ಡಿಗೆ ಬರುತ್ತವೆ. ಅಂಚಿನಲ್ಲಿ ಉಗುರು ಹಾಕಿ ಎಳೆದರೆ ಸಾಕು, ಅಂಗೈ ಅಗಲದ ಹಕ್ಕಳೆ ಎದ್ದು ಬರುತ್ತದೆ. ಅದರ ಹಿಂಬದಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಅಂಟಿರುತ್ತದೆ. ಪೇಂಟ್ ಹೋದದ್ದಕ್ಕಿಂತ ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಆ ಹಕ್ಕಳೆಯ ಹಿಂದೆ ಉಪ್ಪುನೀರು, ಕೆಸರು ನಿಂತು ಒಳ್ಳೇ ಸತುವನ್ನೇ ತಿನ್ನುತ್ತಿರುತ್ತದೆ. ಕೆಟ್ಟ ಪೇಂಟಿಗಿಂತ ಪೇಂಟೇ ಇಲ್ಲದ ಗ್ಯಾಲ್ವನೈಸಿಂಗ್ ಎಷ್ಟೋ ವಾಸಿ.

ಹಾಗಾದರೆ ಪೇಂಟ್ ಮಾಡಲೇಬೇಕಾ? ಒಳನಾಡಿನ ಗಾಡಿಗೆ ಕಡ್ಡಾಯವಿಲ್ಲ. ಆದರೆ ಸಮುದ್ರದ ಪಕ್ಕದ ಗಾಡಿಗೆ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಉಕ್ಕಿನ ದಪ್ಪ 3ರಿಂದ 6 ಮಿ.ಮೀ. ಇದ್ದರೆ ಐಎಸ್‌ಒ 1461 ಅನ್ನುವ ಗ್ಯಾಲ್ವನೈಸಿಂಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸತುವಿನ ಪದರ ಸರಾಸರಿ 70 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ಆದರೂ ಇರಬೇಕು. ಉಪ್ಪುಗಾಳಿ ಜೋರಾಗಿರುವ ಕಡೆ ವರ್ಷಕ್ಕೆ 4ರಿಂದ 8 ಮೈಕ್ರಾನ್ ಸವೆಯಬಹುದು. ಗಾಡಿಯ ಅಡಿಯಲ್ಲಿ ಒದ್ದೆ ಮಣ್ಣು ಮೆತ್ತಿಕೊಂಡೇ ಇದ್ದರೆ ಇನ್ನೂ ಬೇಗ. ಸರಿಯಾಗಿ ಕೂತ ಪೇಂಟ್ ಸತುವನ್ನು ಕಾಯುತ್ತದೆ, ಪೇಂಟಿಗೆ ಗೀರು ಬಿದ್ದ ಕಡೆ ಸತು ಕಬ್ಬಿಣವನ್ನು ಕಾಯುತ್ತದೆ. ಎರಡೂ ಸೇರಿದರೆ ಬಾಳಿಕೆ, ಎರಡನ್ನೂ ಬೇರೆ ಬೇರೆಯಾಗಿ ಹಾಕಿ ಕೂಡಿದ್ದಕ್ಕಿಂತ ಒಂದೂವರೆ ಪಟ್ಟು, ಕೆಲವು ಕಡೆ ಎರಡು ಪಟ್ಟಿಗೂ ಜಾಸ್ತಿ ಅಂತ ಈ ಕ್ಷೇತ್ರದವರ ಲೆಕ್ಕ.

ಇಷ್ಟೆಲ್ಲ ಸಿಗುವುದು ಪೇಂಟಿನ ಡಬ್ಬಿಯಿಂದಲ್ಲ, ಅದಕ್ಕೆ ಮೊದಲು ಮಾಡುವ ತಯಾರಿಯಿಂದ. ದುಬಾರಿ ಪೇಂಟ್ ತಂದು ತಯಾರಿಯಲ್ಲಿ ಉಳಿತಾಯ ಮಾಡುವವರೇ ಜಾಸ್ತಿ. ನೀವು ದಯವಿಟ್ಟು ಉಲ್ಟಾ ಮಾಡಿ.

ಮೊದಲು ಗ್ಯಾಲ್ವನೈಸಿಂಗ್ ಮಾಡಿದವರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ಸತುವಿನ ತೊಟ್ಟಿಯಿಂದ ತೆಗೆದ ಮೇಲೆ ಕ್ರೋಮೇಟ್ ನೀರಲ್ಲಿ ಅದ್ದಿದ್ದಾರಾ? ಗೋದಾಮಿನಲ್ಲಿ ಬಿಳಿ ಪುಡಿ ಏಳಬಾರದು ಅಂತ ಹಾಗೆ ಮಾಡುವುದುಂಟು. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಪೇಂಟಿಗೆ ಅದು ದೊಡ್ಡ ಶತ್ರು. ಅದ್ದಿದ್ದರೆ ಸುಮ್ನೆ ತೊಳೆದು ಪ್ರಯೋಜನವಿಲ್ಲ. ಉಜ್ಜಿಯೋ ಬ್ಲಾಸ್ಟ್ ಮಾಡಿಯೋ (ಗಾಳಿಯ ಒತ್ತಡದಲ್ಲಿ ಗರಸು ಪುಡಿ ಹೊಡೆಸಿಯೋ) ಆ ಮೇಲ್ಪದರ ತೆಗೆಯಲೇಬೇಕು.

ಆಮೇಲೆ ಚಾಸಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಪೂರ್ತಿ ಕೈ ಆಡಿಸಿ. ಸತು ಕರಗಿ ಇಳಿದ ಕಡೆ ಹನಿಗಳು, ಮುಳ್ಳಿನಂಥ ಮೊನೆಗಳು, ಬೂದಿಯ ಕಲೆಗಳು ಕೈಗೆ ಸಿಗುತ್ತವೆ. ಮೊನೆಗಳ ಮೇಲೆ ಪೇಂಟ್ ತೆಳುವಾಗಿ ಕೂರುತ್ತದೆ, ಅಲ್ಲಿಂದಲೇ ಕೆಡಲು ಶುರುವಾಗುತ್ತದೆ. ಅರದಿಂದ ಉಜ್ಜಿ ಸುತ್ತಲಿನ ಮಟ್ಟಕ್ಕೆ ತನ್ನಿ, ಅಷ್ಟೇ. ಗ್ರೈಂಡರ್ ಹಿಡಿದರೆ ಕ್ಷಣದಲ್ಲಿ ಉಕ್ಕು ಕಾಣಿಸಿಕೊಳ್ಳುತ್ತದೆ, ಕೊಟ್ಟ ದುಡ್ಡೆಲ್ಲ ಹಾರಿಹೋಗುತ್ತದೆ. ಮಾಮೂಲಿ ಸ್ಟೀಲ್ ವೈರ್ ಬ್ರಷ್ಷನ್ನೂ ಹತ್ತಿರ ತರಬೇಡಿ. ಅದರ ಕಬ್ಬಿಣದ ಚೂರು ಸತುವಿಗೆ ಚುಚ್ಚಿಕೊಂಡು ಆಮೇಲೆ ಕೆಂಪು ಚುಕ್ಕಿಗಳಾಗುತ್ತವೆ. ನೈಲಾನ್ ಬ್ರಷ್ಷೋ ಸ್ಕಾಚ್ ಬ್ರೈಟೋ ಇರಲಿ.

ತೊಳೆಯುವುದಕ್ಕೆ ಹದವಾದ ಕ್ಷಾರದ ಕ್ಲೀನರ್ ಬೇಕು. ಪಿಎಚ್ 11–12ರ ಸುತ್ತ ಇದ್ದರೆ ಒಳ್ಳೆಯದು, 13 ದಾಟಿದರೆ ಸತುವೇ ಕರಗಲು ಶುರು. ಕಾಸ್ಟಿಕ್ ಸೋಡಾ ಬೇಡ, ಬಾತ್‌ರೂಮಿಗೆ ಹಾಕುವ ಆ್ಯಸಿಡ್ಡಂತೂ ಬೇಡವೇ ಬೇಡ. ಉಜ್ಜಿ ತೊಳೆದ ಮೇಲೆ ಒಳ್ಳೇ ನೀರಲ್ಲಿ ಧಾರಾಳವಾಗಿ ಜಾಲಿಸಿ. ಬಾವಿ ನೀರು ಉಪ್ಪಾಗಿದ್ದರೆ ಅದನ್ನು ಬಳಸಬೇಡಿ. ಆಗ ನೀರನ್ನೇ ಗಮನಿಸಿ. ಎಲ್ಲ ಕಡೆ ಒಂದೇ ಪೊರೆಯಾಗಿ ಹರಡಿ ನಿಂತರೆ ಚಾಸಿ ಶುಭ್ರವಾಗಿದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾದರೆ ಇನ್ನೂ ಜಿಡ್ಡಿದೆ, ಮತ್ತೆ ತೊಳೆಯಿರಿ. ಶುಭ್ರವಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಈಗ ಹೊಸ ಸತುವಿನ ನುಣುಪು ಕಳೆಯಬೇಕು, ಪೇಂಟಿಗೆ ಹಿಡಿತ ಬೇಕಲ್ವಾ. ನನಗೆ ಜಾಸ್ತಿ ನಂಬಿಕೆ ಇರುವುದು ಹಗುರ ಬ್ಲಾಸ್ಟಿಂಗ್ ಮೇಲೆ. ಸಣ್ಣ ಗಾರ್ನೆಟ್ ಪುಡಿ, 40 ಪಿಎಸ್‌ಐಗಿಂತ ಕಮ್ಮಿ ಒತ್ತಡ, ನಾಜಲ್ ನೇರವಾಗಿ ಹಿಡಿಯದೆ 45 ಡಿಗ್ರಿ ಓರೆ. ಮೇಲಿಂದ ಗುಡಿಸಿಕೊಂಡು ಹೋದಷ್ಟೇ ಆಗಬೇಕು. ಹೊಳಪು ಹೋಗಿ ಒಂದೇ ಸಮನಾದ ಮಂಕು ಬೂದು ಬಣ್ಣ ಬಂದರೆ ಮುಗಿಯಿತು. ಬ್ಲಾಸ್ಟಿಂಗ್ ಅಂಗಡಿಯವರು ತುಕ್ಕು ತೆಗೆಯುವ ಅಭ್ಯಾಸದಲ್ಲಿ ಪೂರ್ತಿ ಒತ್ತಡ ಬಿಟ್ಟರೆ ಸತು ಚೂರುಚೂರಾಗಿ ಏಳುತ್ತದೆ. ಹಾಗಾಗಿ ನೀವೇ ಎದುರು ನಿಂತು ಮಾಡಿಸಿ.

ಬ್ಲಾಸ್ಟಿಂಗ್ ಸಿಗದಿದ್ದರೆ ಎಚ್ (etch) ಪ್ರೈಮರ್, ಅಂದರೆ ಸತುವನ್ನು ತುಸು ಕೊರೆದು ಹಿಡಿತ ಕೊಡುವ ಪ್ರೈಮರ್, ದಾರಿ ಇದೆ. ನಮ್ಮಲ್ಲಿ ವಾಷ್ ಪ್ರೈಮರ್ ಅಂತಲೂ ಕೇಳಿದರೆ ಕೊಡುತ್ತಾರೆ. ಅದನ್ನು ಹತ್ತು ಮೈಕ್ರಾನ್ ಆಸುಪಾಸು, ಅಂದರೆ ಸತು ಕಂಡೂ ಕಾಣದಷ್ಟು ತೆಳುವಾಗಿ ಹಾಕಬೇಕು. ದಪ್ಪ ಹಾಕಿದರೆ ಅದೇ ಕಿತ್ತು ಬರುತ್ತದೆ. ಅದರ ಮೇಲೆ ಮುಂದೆ ಹೇಳುವ ಎಪಾಕ್ಸಿ ಪೇಂಟ್ ಹಾಕಬಹುದಾ ಅಂತ ಎರಡೂ ಡಬ್ಬಿಗಳ ಡೇಟಾ ಶೀಟ್ (ಕಂಪನಿ ಕೊಡುವ ಮಾಹಿತಿ ಹಾಳೆ) ನೋಡಿ, ಎಲ್ಲವೂ ಒಂದಕ್ಕೊಂದು ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ಟಿ-ವಾಷ್ ಅಂತ ಇನ್ನೊಂದು ಬಳಸುತ್ತಾರೆ. ಫಾಸ್ಫಾರಿಕ್ ಆ್ಯಸಿಡ್ಡೂ ತಾಮ್ರದ ಲವಣವೂ ಇರುವ ದ್ರಾವಣ ಅದು, ಹಚ್ಚಿದ ಕೂಡಲೇ ಸತು ಕಪ್ಪಾಗುತ್ತದೆ. ಕಪ್ಪಾಗದ ಜಾಗ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಸಿಕ್ಕಿದರೆ ಬಹಳ ಒಳ್ಳೆಯದು, ಗ್ಲೌಸ್, ಕನ್ನಡಕ ಹಾಕಿಕೊಂಡು ಗಾಳಿಯಾಡುವ ಕಡೆ ಹಚ್ಚಿ.

ಪೇಂಟಿನ ಬಗ್ಗೆ ಹೇಳುವುದು ಕಮ್ಮಿಯೇ. ‘ಗ್ಯಾಲ್ವನೈಸ್ಡ್ ಮೇಲ್ಮೈಗೆ ಸೂಕ್ತ’ ಅಂತ ಡೇಟಾ ಶೀಟಿನಲ್ಲಿ ಬರೆದಿರುವ ಟೂ-ಪ್ಯಾಕ್ (ಪೇಂಟ್, ಹಾರ್ಡ್‌ನರ್ ಎರಡು ಡಬ್ಬಿ ಬೆರೆಸುವ) ಎಪಾಕ್ಸಿ ಪ್ರೈಮರ್ ಒಂದು ಕೋಟ್, ಮೇಲೆ ಕಪ್ಪು ಎಪಾಕ್ಸಿ ಇಲ್ಲವೇ ಪಿಯು (ಪಾಲಿಯುರೆಥೇನ್) ಪೇಂಟ್. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗಿ ಮಂಕಾಗುತ್ತದೆ, ಆದರೆ ಚಾಸಿಗೆ ಬಿಸಿಲು ಬೀಳುವುದೇ ಅಪರೂಪ. ಮೂಲೆ, ಅಂಚು, ವೆಲ್ಡಿಂಗ್ ಜಾಗಗಳಿಗೆ ಮೊದಲು ಬ್ರಷ್ಷಿನಲ್ಲಿ ಒಂದು ಪಟ್ಟಿ ಎಳೆದು ಆಮೇಲೆ ಪೂರ್ತಿ ಹೊಡೆಯಿರಿ. ಪಿಯು ಸ್ಪ್ರೇ ಮಾಡುವುದಾದರೆ ಬಟ್ಟೆಯ ಮಾಸ್ಕ್ ಸಾಲದು. ಅದರ ಹಾರ್ಡ್‌ನರಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ.

ಪೌಡರ್ ಕೋಟಿಂಗ್ (ಪೇಂಟಿನ ಪುಡಿ ಹಚ್ಚಿ ಒಲೆಯಲ್ಲಿ ಕಾಯಿಸುವುದು) ಮಾಡಿಸಲಾ ಅಂತ ನಿಮ್ಮ ಮುಂದಿನ ಪ್ರಶ್ನೆ ಇರಬಹುದು. ಚಾಸಿಗೆ ನನ್ನ ಸಲಹೆ ಬೇಡ. ಒಲೆಯಲ್ಲಿ ಕಾಯಿಸುವಾಗ ಗ್ಯಾಲ್ವನೈಸಿಂಗಿನಿಂದ ಗಾಳಿ ಹೊರಟು ಸೂಜಿಮೊನೆಯ ತೂತುಗಳಾಗುತ್ತವೆ. ಕಲ್ಲು ಬಡಿದು ಎದ್ದರೆ ಮನೆಯಲ್ಲಿ ಟಚಪ್ ಮಾಡುವುದೂ ಕಷ್ಟ.

ಸಮಯ ನೋಡಿ ಮಾಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಕೈ ಹಾಕಲೇಬೇಡಿ, ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆಗಲೂ ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿ, ಲೋಹ ಸ್ವಲ್ಪ ಬೆಚ್ಚಗಾದ ಮೇಲೆ ಶುರು ಮಾಡಿ. ಗಾಳಿಯ ತೇವ ಶೇ. 85 ದಾಟಿದ್ದರೆ ಆ ದಿನ ಬಿಟ್ಟುಬಿಡಿ. ತೊಳೆದು ಉಜ್ಜಿದ ಚಾಸಿಯನ್ನು ನಾಳೆಗೆ ಇಡುವುದೂ ಬೇಡ, ಅದೇ ದಿನ ಪ್ರೈಮರ್ ಬೀಳಬೇಕು.

ಹೊಡೆಯುವ ಮೊದಲು ಕೆಲವು ಜಾಗ ಮುಚ್ಚಬೇಕು. ಬೋಲ್ಟಿನ ತೂತುಗಳ ಥ್ರೆಡ್ಡಿನಲ್ಲಿ ಸತು ತುಂಬಿರುತ್ತದೆ, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಬಿಡಿಸಿ ಟೇಪ್ ಅಂಟಿಸಿ. ಪ್ಲೇಟು ಪ್ಲೇಟು ಕೂರುವ ಕಡೆ ದಪ್ಪ ಪೇಂಟ್ ಬೇಡ, ಅದು ಒತ್ತಡಕ್ಕೆ ಕುಗ್ಗಿದರೆ ಬೋಲ್ಟ್ ಸಡಿಲವಾಗುತ್ತದೆ. ಬ್ಯಾಟರಿಯ ಅರ್ತ್ ಕೂರುವ ಜಾಗ ಖಾಲಿ ಬಿಟ್ಟು, ಜೋಡಿಸಿದ ಮೇಲೆ ಗ್ರೀಸ್ ಹಚ್ಚಿ. ಸತು ಒಳಗೆ ಹೋಗಿ ಬರಲು ಕೊರೆದ ತೂತುಗಳೇ ಮುಂದೆ ಮಳೆನೀರು ಇಳಿದುಹೋಗುವ ದಾರಿ, ಅವನ್ನು ಮುಚ್ಚಿಬಿಡಬೇಡಿ. ಚಾಸಿ ನಂಬರ್ ಕೆತ್ತಿದ ಜಾಗವನ್ನಂತೂ ಮರೆಯಬೇಡಿ. ಸತುವಿನಿಂದಲೇ ಅಕ್ಷರ ಅರ್ಧ ತುಂಬಿರುತ್ತದೆ, ಮೇಲೆ ಎಪಾಕ್ಸಿಯೂ ಬಿದ್ದರೆ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಲು ಏನೂ ಸಿಗುವುದಿಲ್ಲ. ಅಲ್ಲಿಗೆ ತೆಳು ಗ್ರೀಸ್ ಸಾಕು.

ಇನ್ನೂ ಅನುಮಾನವಿದ್ದರೆ ಅಡಿಭಾಗದ ಒಂದು ಮೂಲೆಯಲ್ಲಿ ಮೊದಲು ಪೂರ್ತಿ ವಿಧಾನ ಮಾಡಿ, ಡೇಟಾ ಶೀಟ್ ಹೇಳಿದಷ್ಟು ದಿನ ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಚೌಕುಳಿ ಗೀರಿ, ಗಟ್ಟಿ ಟೇಪ್ ಅಂಟಿಸಿ ಸರ್ರನೆ ಎಳೆಯಿರಿ. ಚೌಕುಳಿಗಳು ಟೇಪಿನ ಜೊತೆ ಬಂದರೆ ತೊಳೆಯುವ ಹಂತಕ್ಕೆ ವಾಪಸ್ ಹೋಗಿ. ಬರದಿದ್ದರೆ ಗೀರಿದ ಜಾಗಕ್ಕೆ ಟಚಪ್ ಮಾಡಿ, ಉಳಿದದ್ದನ್ನು ಧೈರ್ಯವಾಗಿ ಹೊಡೆಸಿ. ನಿಮ್ಮ ಪೇಂಟರನ್ನೂ ಆ ಹೊತ್ತಿಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ರೆಡ್ ಆಕ್ಸೈಡ್ ಹೊಡೆದು ಒಂದು ಮಳೆಗಾಲ ಹೊರಗಿದ್ದ ಜಿಐ (ಗ್ಯಾಲ್ವನೈಸ್ ಮಾಡಿದ ಕಬ್ಬಿಣ) ತುಂಡು ಸಿಕ್ಕರೆ ಅದಕ್ಕೂ ಅದೇ ಪರೀಕ್ಷೆ ಮಾಡಿ ತೋರಿಸಿ.